ಬೀಜೋಪಚಾರದ ಪರೀಕ್ಷೆ: ಉಪಚರಿಸದ ಸಾಲಿನ ಸಾಕ್ಷ್ಯ



ಮಲೆನಾಡಿಗೆ ಶಿಲೀಂಧ್ರನಾಶಕವು ಅಪರಿಚಿತವಲ್ಲ. ಮೈಸೂರು ಸಂಸ್ಥಾನದಲ್ಲಿ ಲೆಸ್ಲಿ ಕೋಲ್ಮನ್ ಅವರು ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣವನ್ನು ಪರೀಕ್ಷಿಸಿ ಒಂದು ಶತಮಾನವೇ ಕಳೆದಿದೆ. ಅಡಿಕೆ ಗೊನೆಯ ಮೇಲಿನ ಸಿಂಪಡಣೆ ಕಣ್ಣಿಗೆ ಕಾಣುತ್ತದೆ. ಘಟ್ಟದ ಮೂಡಣ ಅಂಚಿನ ಧಾರವಾಡ, ಬೆಳಗಾವಿ ಸೀಮೆಗಳಲ್ಲಿ ಸೋಯಾ ಅವರೆಯ ಬೀಜಕ್ಕೆ ಲೇಪಿಸುವ ಔಷಧವಾದರೋ ಬಿತ್ತನೆಯೊಡನೆ ಮಣ್ಣಿನಲ್ಲಿ ಮರೆಯಾಗುತ್ತದೆ. ಅದರ ಗುಣದೋಷಗಳನ್ನು ಅರಿಯಲು ಪರೀಕ್ಷೆಯೊಂದೇ ದಾರಿ.

ಸೋಯಾ ಅವರೆಯ ಬೀಜ ಬಲು ಸೂಕ್ಷ್ಮ. ಸಿಪ್ಪೆ ತೆಳುವಾದುದರಿಂದ ಒಕ್ಕಣೆಯ ಪೆಟ್ಟಿಗೆ ಬೇಗ ಒಡೆಯುತ್ತದೆ. ದಾಸ್ತಾನಿನಲ್ಲಿ ಮೊಳಕೆಯ ಶಕ್ತಿಯೂ ಬೇಗ ಕುಂದುತ್ತದೆ. ನಮ್ಮ ದೇಶದ ಬೀಜ ಪ್ರಮಾಣೀಕರಣದಲ್ಲಿ ಈ ಬೆಳೆಗೆ ಶೇ. 70ರಷ್ಟು ಮೊಳಕೆಯೇ ಕನಿಷ್ಠ ಮಟ್ಟ. ಕೊಯ್ಲಿನ ಕಾಲಕ್ಕೆ ಮಳೆ ಹಿಡಿದರೆ ಶಿಲೀಂಧ್ರಗಳು ಕಾಯಿಯೊಳಗೇ ಬೀಜವನ್ನು ಹೊಕ್ಕುತ್ತವೆ. ಬಿತ್ತಿದ ಮೇಲೆ ಸ್ಕ್ಲೆರೋಶಿಯಂ, ರೈಜೊಕ್ಟೋನಿಯಾ, ಪಿಥಿಯಂಗಳು ಮಣ್ಣಿನಲ್ಲಿ ಕಾದಿರುತ್ತವೆ. ಥೈರಾಮ್, ಕಾರ್ಬೆಂಡಜಿಮ್, ಕಾರ್ಬಾಕ್ಸಿನ್‌ಗಳ ಲೇಪನ ಬಳಕೆಗೆ ಬಂದದ್ದು ಇಂತಹ ರೋಗಗಳಿಗಾಗಿ. ಆದರೆ ಒಂದೇ ಔಷಧ ಎಲ್ಲಕ್ಕೂ ಮದ್ದಲ್ಲ. ನೀರು ನಿಂತ ಮಣ್ಣಿನ ಪಿಥಿಯಂ ಕಾರ್ಬೆಂಡಜಿಮ್‌ಗೆ ಬಗ್ಗದು. ಗಾಳಿಯಲ್ಲಿ ಬಂದು ಎಲೆಗೆ ತಗಲುವ ತುಕ್ಕುರೋಗವನ್ನು ಈ ಲೇಪನಗಳು ತಡೆಯಲಾರವು. ಅದಕ್ಕೆ ಧಾರವಾಡ ಕೃಷಿ ವಿಶ್ವವಿದ್ಯಾಲಯದ ಡಿಎಸ್‌ಬಿ 21ರಂತಹ ನಿರೋಧಕ ತಳಿಯೇ ಆಸರೆ.

ಪರೀಕ್ಷೆಯ ಪ್ರಾಣವಿರುವುದು ಉಪಚರಿಸದ ಬೀಜದಲ್ಲಿ. ಪ್ರಯೋಗಾಲಯದಲ್ಲಿ 400 ಬೀಜಗಳನ್ನು ಒದ್ದೆ ಕಾಗದದಲ್ಲಿ ಅಥವಾ ಮರಳಿನಲ್ಲಿ 25 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿರಿಸಿ 8ನೆಯ ದಿನ ಮೊಳಕೆಗಳನ್ನು ಎಣಿಸುತ್ತಾರೆ. ರೈತನಿಗೆ ಒದ್ದೆ ಗೋಣಿಚೀಲವೂ ಸಾಕು. ಒಂದೇ ಚೀಲದ ಬೀಜವನ್ನು ಲೇಪಿಸಿ ಮತ್ತು ಲೇಪಿಸದೆ ನೂರು ನೂರರಂತೆ ಹಲವು ಬಾರಿ ಇಟ್ಟು ನೋಡಬೇಕು. ಲೇಪಿಸಿದ ಬೀಜ ಸ್ಪಷ್ಟವಾಗಿ ಹೆಚ್ಚು ಮೊಳೆತರೆ ಬೀಜದಲ್ಲಿ ರೋಗವಿತ್ತೆಂದು ತಿಳಿಯಬಹುದು. ಎರಡೂ ಸಮನಾಗಿ ಕಡಿಮೆ ಮೊಳೆತರೆ ವಯಸ್ಸು ಅಥವಾ ಪೆಟ್ಟು ಕಾರಣವಿರಬಹುದು. ಸತ್ತ ಬೀಜವನ್ನು ಯಾವ ಔಷಧವೂ ಎಬ್ಬಿಸದು. ಎರಡೂ ಚೆನ್ನಾಗಿ ಮೊಳೆತರೆ ಉಳಿಯುವುದು ಮಣ್ಣಿನ ರೋಗದ ಪ್ರಶ್ನೆ. ಅದಕ್ಕೆ ಹೊಲದಲ್ಲೇ ಉತ್ತರ ಹುಡುಕಬೇಕು.

ಹೊಲದ ಪರೀಕ್ಷೆ ಸಸಿಗಳ ಎಣಿಕೆಗೆ ಮುಗಿಯಬಾರದು. ಸೋಯಾ ಅವರೆ ಕವಲೊಡೆದು ಅಕ್ಕಪಕ್ಕದ ಖಾಲಿ ಜಾಗವನ್ನು ತುಂಬಿಕೊಳ್ಳುವ ಗಿಡ. ಹೆಚ್ಚು ಸಸಿ ಹುಟ್ಟಿದ ಮಾತ್ರಕ್ಕೆ ಇಳುವರಿ ಹೆಚ್ಚಲೇಬೇಕೆಂದಿಲ್ಲ. ಅದಕ್ಕಿಂತ ಮಿಗಿಲಾದುದು ಬೇರುಗಂಟಿನ ಪ್ರಶ್ನೆ. ಗಾಳಿಯ ಸಾರಜನಕವನ್ನು ಗಿಡಕ್ಕೆ ಒದಗಿಸುವ ರೈಜೋಬಿಯಂ ಜೀವಾಣುವಿಗೆ ಥೈರಾಮ್‌ನಂತಹ ಲೇಪನ ಹಾನಿ ಮಾಡಬಲ್ಲದು. ಉಪಕಾರಿ ಶಿಲೀಂಧ್ರವಾದ ಟ್ರೈಕೋಡರ್ಮವೂ ಕಾರ್ಬೆಂಡಜಿಮ್ ಮುಂದೆ ಉಳಿಯಲಾರದು. ಆದುದರಿಂದ ಏನೂ ಹಚ್ಚದ ಬೀಜ, ಔಷಧ ಮಾತ್ರ ಹಚ್ಚಿದ ಬೀಜ, ರೈಜೋಬಿಯಂ ಮಾತ್ರ ಹಚ್ಚಿದ ಬೀಜ, ಎರಡನ್ನೂ ಹಚ್ಚಿದ ಬೀಜ, ರೈಜೋಬಿಯಂ ಜೊತೆ ಟ್ರೈಕೋಡರ್ಮ ಹಚ್ಚಿದ ಬೀಜ ಎಂಬ ಐದು ಬಗೆಗಳನ್ನು ಹೊಲದ ಬೇರೆ ಬೇರೆ ಕಡೆ ಪುನರಾವರ್ತಿಸಿ ಬಿತ್ತಬೇಕು. ಸುಮಾರು 40 ದಿನಗಳಿಗೆ ಗಿಡ ಅಗೆದು ಗಂಟನ್ನು ಸೀಳಿದರೆ, ಒಳಗಿನ ಗುಲಾಬಿ ಬಣ್ಣವೇ ಅದು ಜೀವಂತವಾಗಿ ದುಡಿಯುತ್ತಿರುವುದರ ಗುರುತು. ಕೊನೆಗೆ ಇಳುವರಿಯನ್ನೂ ಖರ್ಚನ್ನೂ ತೂಗಬೇಕು.

ಐರೋಪ್ಯ ಒಕ್ಕೂಟವು 2018ರಲ್ಲಿ ಥೈರಾಮ್‌ನ ಅನುಮತಿಯನ್ನು ನವೀಕರಿಸಲಿಲ್ಲ. ಅದನ್ನು ಲೇಪಿಸಿದ ಬೀಜದ ಬಳಕೆಯನ್ನೂ ನಿಷೇಧಿಸಿತು. ಥೈರಾಮ್ ಮೀನಿಗೆ ತೀವ್ರ ವಿಷ. ಬಣ್ಣ ಹಚ್ಚಿದ ಬೀಜ ಮಿಕ್ಕರೆ ಅದು ಊಟಕ್ಕೂ ದನಕ್ಕೂ ಸಲ್ಲದು. ಚೀಲವನ್ನು ಹಳ್ಳದಲ್ಲಿ ತೊಳೆಯಲೂ ಬಾರದು.

ಬೀಜೋಪಚಾರವನ್ನು ಸಾರಾಸಗಟಾಗಿ ತಿರಸ್ಕರಿಸುವುದು ವಿವೇಕವಲ್ಲ. ರೋಗ ಹೊತ್ತ ಬೀಜಕ್ಕೆ ಅದು ಬೆಳೆಯನ್ನೇ ಉಳಿಸಿಕೊಟ್ಟೀತು. ಪ್ರತಿ ಬೀಜಕ್ಕೂ ಪ್ರತಿ ವರ್ಷವೂ ಕಣ್ಣುಮುಚ್ಚಿ ಹಚ್ಚುವುದೂ ವಿಜ್ಞಾನವಲ್ಲ. ಬರುವ ಮುಂಗಾರಿನಲ್ಲಿ ಸೋಯಾ ಬಿತ್ತುವ ಪ್ರತಿಯೊಬ್ಬರೂ ತಮ್ಮ ಹೊಲದಲ್ಲಿ ಔಷಧ ಹಚ್ಚದ ನಾಲ್ಕು ಸಾಲುಗಳನ್ನು ಬಿಟ್ಟು, ಗುರುತು ಮಾಡಿ, ಲೆಕ್ಕ ಬರೆದಿಡಲಿ. ಅಂಗಡಿಯ ಮಾತಿಗಿಂತ ಆ ಸಾಲುಗಳ ಸಾಕ್ಷ್ಯಕ್ಕೆ ಬೆಲೆ ಹೆಚ್ಚು.