ಮೈತ್ರಿ ಅವರದು, ಮಡಿದವರು ನಮ್ಮವರು

(ಬಿಡದಿಯ ಸಭೆಯಲ್ಲಿ ಮಾಡಿದ ಭಾಷಣ)



1914ರ ಮಹಾಯುದ್ಧದ ಮಾತೆತ್ತಿದರೆ, ಅದು ಯೂರೋಪಿನ ದೊರೆಗಳ ಜಗಳ, ಬಿಡದಿಯವರಿಗೆ ಅದರಿಂದೇನು ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆಯೇ. ಉತ್ತರವನ್ನು ಪಕ್ಕದ ರಾಮನಗರದಿಂದಲೇ ಆರಂಭಿಸೋಣ.

ಆ ಊರಿಗೆ ಬಹುಕಾಲ ಕ್ಲೋಸ್‌ಪೇಟೆ ಎಂದು ಹೆಸರಿತ್ತು. ಟಿಪ್ಪು ಮಡಿದ ಮೇಲೆ ಮೈಸೂರಿಗೆ ರೆಸಿಡೆಂಟನಾಗಿ ಬಂದ ಬ್ಯಾರಿ ಕ್ಲೋಸನ ಹೆಸರು ಅದು. 1799ರಲ್ಲಿ ಕಂಪನಿಯವರು ಮೈಸೂರಿನ ಮೇಲೆ ಹೇರಿದ ಒಪ್ಪಂದಕ್ಕೂ ‘ಮೈತ್ರಿ’ ಎಂದೇ ಹೆಸರು. ಕಂಪನಿಯ ಸೈನ್ಯ ಇಲ್ಲಿ ನೆಲೆಯೂರಿತು; ಅದರ ಖರ್ಚಿಗೆಂದು ಮೈಸೂರು ವರ್ಷಕ್ಕೆ 7 ಲಕ್ಷ ವರಹ ತೆರಬೇಕಾಯಿತು. ಬಲವಂತನ ಮೈತ್ರಿ ಎಂದರೇನೆಂದು ನಮ್ಮ ರೈತ ಆಗಲೇ ಕಂಡಿದ್ದ.

ಈಗ ಯೂರೋಪಿನ ಕಡೆ ನೋಡೋಣ. ಅಲ್ಲಿನ ಗಿರಣಿಗಳಿಗೆ ಕಚ್ಚಾ ಮಾಲು ಬೇಕು, ತಯಾರಾದ ಮಾಲಿಗೆ ಪೇಟೆ ಬೇಕು, ಕೂಡಿಟ್ಟ ಬಂಡವಾಳಕ್ಕೆ ಬಡ್ಡಿ ಹುಟ್ಟುವ ನೆಲ ಬೇಕು. 1884–85ರಲ್ಲಿ ಬರ್ಲಿನ್ನಿನಲ್ಲಿ ಸಭೆ ಸೇರಿ ಆಫ್ರಿಕದ ನೆಲ ಹಿಡಿಯಲು ನಿಯಮ ಮಾಡಿಕೊಂಡರು. ಆ ಸಭೆಗೆ ಒಬ್ಬ ಆಫ್ರಿಕದವನನ್ನೂ ಕರೆಯಲಿಲ್ಲ. ಜರ್ಮನಿ ತಡವಾಗಿ ಬಂದ ಪಾಲುಗಾರ. ಉಕ್ಕಿನಲ್ಲಿ ಇಂಗ್ಲೆಂಡನ್ನು ಮೀರಿಸಿತು, ಯುದ್ಧನೌಕೆ ಕಟ್ಟತೊಡಗಿತು, ಬಾಗ್ದಾದಿನವರೆಗೆ ರೈಲು ಹಾಕಹೊರಟಿತು. ಇಂಗ್ಲೆಂಡಿಗೆ ಸೂಯೆಜ್ ಕಾಲುವೆಯ ಚಿಂತೆ ಹತ್ತಿತು. ಆ ಕಾಲುವೆ ಇಂಡಿಯಕ್ಕೆ ಬರುವ ದಾರಿ.

ಹೀಗೆ ಎರಡು ಬಣಗಳು ಕಟ್ಟಿಕೊಂಡವು. 1879ರಲ್ಲಿ ಜರ್ಮನಿ, ಆಸ್ಟ್ರಿಯ ಕೂಡಿದವು. 1882ರಲ್ಲಿ ಇಟಲಿ ಸೇರಿತು. 1894ರ ಹೊತ್ತಿಗೆ ಫ್ರಾನ್ಸ್, ರಷ್ಯ ಒಂದಾದವು. 1898ರಲ್ಲಿ ನೈಲ್ ನದಿಯ ದಂಡೆಯ ಫಶೋಡದಲ್ಲಿ ಇಂಗ್ಲಿಷರೂ ಫ್ರೆಂಚರೂ ಕೈಕೈ ಮಿಲಾಯಿಸುವುದರಲ್ಲಿದ್ದರು. ಆರೇ ವರ್ಷದಲ್ಲಿ, 1904ರಲ್ಲಿ, ಸ್ನೇಹವಾಯಿತು. ಏನಿದು ಸ್ನೇಹ? ಈಜಿಪ್ಟಿನಲ್ಲಿ ಇಂಗ್ಲೆಂಡಿಗೆ ಫ್ರಾನ್ಸ್ ಅಡ್ಡಬರುವುದಿಲ್ಲ, ಮೊರಾಕ್ಕೋದಲ್ಲಿ ಫ್ರಾನ್ಸಿಗೆ ಇಂಗ್ಲೆಂಡ್ ಅಡ್ಡಬರುವುದಿಲ್ಲ. 1907ರಲ್ಲಿ ಇಂಗ್ಲೆಂಡೂ ರಷ್ಯವೂ ಪರ್ಷಿಯವನ್ನು ಪ್ರಭಾವದ ವಲಯಗಳಾಗಿ ಹಂಚಿಕೊಂಡವು. ಪೇಟೆಯಲ್ಲಿ ಇಬ್ಬರು ಸಾಹುಕಾರರು ಮೂರನೆಯವನ ಅಂಗಡಿಯನ್ನು ಪಾಲು ಮಾಡಿಕೊಂಡರೆ ಅದನ್ನು ನೀವು ಸ್ನೇಹವೆನ್ನುವಿರಾ?

1914ರ ಜೂನ್ 28ರಂದು ಸರಾಯೆವೊದಲ್ಲಿ ಆಸ್ಟ್ರಿಯದ ಯುವರಾಜನ ಕೊಲೆಯಾಯಿತು. ಒಬ್ಬನು ಎಳೆದರೆ ಇನ್ನೊಬ್ಬನು ಬೀಳುವಂತೆ ಎಲ್ಲರೂ ಹಗ್ಗ ಕಟ್ಟಿಕೊಂಡಿದ್ದರು. ಆರು ವಾರ ಕಳೆಯುವುದರೊಳಗೆ ಯೂರೋಪಿಗೆ ಬೆಂಕಿ ಬಿತ್ತು. ಮೂವತ್ತು ವರ್ಷದ ಮಿತ್ರ ಇಟಲಿ ಮಾತ್ರ 1915ರಲ್ಲಿ ಹೆಚ್ಚು ನೆಲದ ಆಸೆಗೆ ಎದುರು ಬಣ ಸೇರಿತು.

ಆಗಸ್ಟ್ 4ರಂದು ಇಂಗ್ಲೆಂಡ್ ಯುದ್ಧ ಸಾರಿದೊಡನೆ ಇಂಡಿಯವೂ ಯುದ್ಧಕ್ಕೆ ಬಿತ್ತು. ಜನರನ್ನು ಯಾರೂ ಕೇಳಲಿಲ್ಲ. ಮೈಸೂರು ಮಹಾರಾಜರು 50 ಲಕ್ಷ ರೂಪಾಯಿ ಕೊಟ್ಟರು. ಮೈಸೂರು ಲ್ಯಾನ್ಸರ್ಸ್ ಕುದುರೆ ಪಡೆ ಸೂಯೆಜ್ ಕಾಯಲು ಹಡಗು ಹತ್ತಿತು. 1918ರ ಸೆಪ್ಟೆಂಬರ್ 23ರಂದು ಜೋಧಪುರದ ಸವಾರರೊಡನೆ ಭರ್ಜಿ ಹಿಡಿದು, ಫಿರಂಗಿ, ಮೆಷಿನ್‌ಗನ್ನುಗಳಿಗೆ ಎದೆಯೊಡ್ಡಿ, ಹೈಫಾ ಪಟ್ಟಣವನ್ನು ಗೆದ್ದಿತು. ಬೆಂಗಳೂರಿನಲ್ಲಿ ಅವರ ಸ್ಮಾರಕವಿದೆ. ಅವರ ಧೈರ್ಯವನ್ನು ನಾವು ಹಗುರವಾಗಿ ಕಾಣುವುದಿಲ್ಲ. ಅವರು ನಮ್ಮ ಹಳ್ಳಿಗಳಂಥ ಹಳ್ಳಿಗಳ ಮಕ್ಕಳು. ಆದರೆ ಇದನ್ನೂ ತಿಳಿದಿರಿ: ಹೈಫಾ ಬಂದರು ಬ್ರಿಟನ್ನಿಗೆ ಎಂದು 1916ರಲ್ಲೇ ಇಂಗ್ಲೆಂಡ್, ಫ್ರಾನ್ಸ್ ಗುಟ್ಟಾಗಿ ಬರೆದುಕೊಂಡಿದ್ದವು. ಪಾಲುಪಟ್ಟಿ ಮೊದಲೇ ಆಗಿತ್ತು. ರಕ್ತ ಹರಿದದ್ದು ಆಮೇಲೆ.

ಇದನ್ನು ತಡೆಯಬಲ್ಲವರು ಇರಲಿಲ್ಲವೇ? ಇದ್ದರು. 1912ರಲ್ಲಿ ಬಾಸೆಲ್ ನಗರದಲ್ಲಿ ಸೇರಿದ ಯೂರೋಪಿನ ಸಮಾಜವಾದಿಗಳು ಯುದ್ಧವನ್ನು ವಿರೋಧಿಸುವೆವೆಂದು ಸಾರಿದ್ದರು. 1914ರ ಜುಲೈ 31ರಂದು ಪ್ಯಾರಿಸ್ಸಿನಲ್ಲಿ ಝಾನ್ ಝೊರೆಸ್‌ರನ್ನು ಗುಂಡಿಟ್ಟು ಕೊಂದರು. ನಾಲ್ಕು ದಿನದ ಮೇಲೆ ಜರ್ಮನಿಯ ಸೋಷಲ್ ಡೆಮಾಕ್ರಟರೇ ಯುದ್ಧದ ಸಾಲಕ್ಕೆ ಕೈಯೆತ್ತಿದರು. ಡಿಸೆಂಬರಿನಲ್ಲಿ ಎರಡನೆಯ ಸಾಲ ಕೇಳಿದಾಗ ಒಲ್ಲೆನೆಂದವರು ಕಾರ್ಲ್ ಲೀಬ್‌ಕ್ನೆಕ್ಟ್ ಒಬ್ಬರೇ. ನಮ್ಮ ಚಳವಳಿಯ ಈ ಸೋಲನ್ನು ಮುಚ್ಚಿಡುವುದು ಬೇಡ. ಠರಾವಿನಲ್ಲಿ ಐಕ್ಯವಿತ್ತು; ಗಿರಣಿಯ ಬಾಗಿಲಲ್ಲಿ, ರೈಲು ನಿಲ್ದಾಣದಲ್ಲಿ, ಬಂದರಿನಲ್ಲಿ ಅದನ್ನು ನಡೆಸಿ ತೋರಿಸುವ ಸಿದ್ಧತೆ ಇರಲಿಲ್ಲ. ದೇಶದ ಹೆಸರಿನಲ್ಲಿ ತಮಟೆ ಬಾರಿಸಿದ ಕೂಡಲೇ ಕೂಲಿಕಾರ ಕೂಲಿಕಾರನ ಮೇಲೆ ಬಂದೂಕು ಎತ್ತಿದ.

ಆದ್ದರಿಂದ ಯಾರೇ ಬಂದು ಹೊಸ ಮೈತ್ರಿಯಾಯಿತೆಂದು ಹಿಗ್ಗಿದರೆ ನಾವು ಮೂರು ಪ್ರಶ್ನೆ ಕೇಳೋಣ. ಸಹಿ ಹಾಕಿದವರು ಯಾರು? ಯಾರ ನೆಲದ ಮೇಲೆ ಒಪ್ಪಂದ? ಹಣವನ್ನೂ ಪ್ರಾಣವನ್ನೂ ತೆರುವವರು ಯಾರು? ಜನರ ಮುಂದಿಡಲಾಗದ ಒಪ್ಪಂದ ಜನರದಲ್ಲ. ಈ ಪ್ರಶ್ನೆಗಳನ್ನು ಯುದ್ಧ ಬಂದ ಮೇಲೆ ಕೇಳಿದರೆ ತಡವಾಗುತ್ತದೆ. ಸಂಘದ ಸಭೆಯಲ್ಲಿ, ಅಂಗಡಿಯ ಕಟ್ಟೆಯ ಮೇಲೆ, ಇಂದೇ ಕೇಳಲು ಕಲಿಯೋಣ.