ಮಂಜು ಹಿಡಿಯುವ ಬಲೆ



ಜೇಡರ ಬಲೆ ಮೇಲೆ ಬೆಳಗಿನ ಹನಿ ಕೂತದ್ದು ನಾವೆಲ್ಲ ಕಂಡವರೇ. ಒಂದು ಜಾತಿ ಜೇಡನ ಎಳೆಯಲ್ಲಿ ಒದ್ದೆಯಾದಾಗ ಆಗುವ ಸಣ್ಣ ಗಂಟುಗಳು ಹನಿಯನ್ನು ತಮ್ಮತ್ತ ಎಳೆದುಕೊಳ್ಳುತ್ತವೆ ಅಂತ 2010ರಲ್ಲಿ ಚೀನಾದ ವಿಜ್ಞಾನಿಗಳು ತೋರಿಸಿ, ಅದೇ ಮಾದರಿಯ ನೂಲನ್ನೂ ಮಾಡಿದರು.

ಅದಕ್ಕೂ ಮೊದಲೇ, ಚಿಲಿ ದೇಶದ ಚುಂಗುಂಗೊ ಎಂಬ ಮೀನುಗಾರರ ಹಳ್ಳಿಗೆ ಲಾರಿ ನೀರೇ ಗತಿಯಾಗಿತ್ತು. ಗುಡ್ಡದ ಮೇಲೆ ಪ್ಲಾಸ್ಟಿಕ್ ಬಲೆ ಕಟ್ಟಿ, 1992ರಿಂದ ಮಂಜಿನ ನೀರನ್ನು ಪೈಪಿನಲ್ಲಿ ಊರಿಗೆ ಇಳಿಸಿದರು. ಸುಮಾರು 300 ಜನ. ದಿನಕ್ಕೆ ಸರಾಸರಿ 15,000 ಲೀಟರ್! ಪಂಪೂ ಬೇಡ, ಕರೆಂಟೂ ಬೇಡ. ಹತ್ತು ವರ್ಷ ಕಳೆಯುವ ಹೊತ್ತಿಗೆ ಬಲೆ ನೋಡಿಕೊಳ್ಳುವವರಿಲ್ಲದೆ ಪುನಃ ಲಾರಿ ಬಂತು.

ನಮ್ಮ ಕೆರೆ ಕಾಲುವೆಗೆ ದುರಸ್ತಿ ನಿಧಿ ಬೇಕೆಂದು ನಿರ್ದೇಶಕರು ನಾವು ಕೇಳುತ್ತಿರುವುದು ಇದಕ್ಕೇ. ಈ ಸಲದ ಡಿವಿಡೆಂಡಿನಲ್ಲಿ ಒಂದು ಪಾಲು ಬಿಡುತ್ತೀರಾ?