ಒಂದೇ ಹಗ್ಗದ ಎರಡು ತುದಿ



ಉತ್ತರ ಅಮೆರಿಕದ ಪೂರ್ವ ಕರಾವಳಿಯಲ್ಲಿರುವ ಮೇನ್ ಕೊಲ್ಲಿ ಎರಡು ಜೀವಿಗಳಿಗೆ ಹೆಸರಾಗಿದೆ. ಒಂದು, ಹದಿನೈದು ಮೀಟರಿನಷ್ಟು ಉದ್ದ ಬೆಳೆಯುವ ರೈಟ್ ತಿಮಿಂಗಿಲ. ಇನ್ನೊಂದು, ಏಡಿ ಸೀಗಡಿಗಳ ಬಳಗಕ್ಕೆ ಸೇರಿದ ಲಾಬ್‌ಸ್ಟರ್. ದಡದ ಕಲ್ಲುಸಂದಿಯಿಂದ ಹಿಡಿದು ನೂರಾರು ಮೀಟರ್ ಆಳದ ಕತ್ತಲೆಯವರೆಗೂ ಅದರ ನೆಲೆ. ತಿಮಿಂಗಿಲವು ಲಾಬ್‌ಸ್ಟರನ್ನು ತಿನ್ನುವುದಿಲ್ಲ. ಅಕ್ಕಿಕಾಳಿನಷ್ಟು ಚಿಕ್ಕದಾದ ಪ್ಲವಕಗಳೇ ಅದರ ಆಹಾರ. ಲಾಬ್‌ಸ್ಟರಿಗೂ ತಿಮಿಂಗಿಲದ ಗೊಡವೆಯಿಲ್ಲ. ಆದರೂ ಒಂದರ ಬೇಟೆ ಇನ್ನೊಂದರ ಜೀವಕ್ಕೆ ಎರವಾಗಿದೆ. ಇವೆರಡನ್ನೂ ಬೆಸೆದದ್ದು ಮನುಷ್ಯನ ಹಗ್ಗ.

ಲಾಬ್‌ಸ್ಟರ್ ಹಿಡಿಯುವ ಬೋನುಗಳನ್ನು ಕಡಲತಳಕ್ಕಿಳಿಸಿ, ಅವುಗಳ ಹಗ್ಗವನ್ನು ಮೇಲಿನ ತೇಲುಬುರುಡೆಗೆ ಕಟ್ಟುತ್ತಾರೆ. ಹೀಗೆ ನೀರಿನಲ್ಲಿ ನೆಟ್ಟಗೆ ನಿಂತ ಅಸಂಖ್ಯ ಹಗ್ಗಗಳ ನಡುವೆ ತಿಮಿಂಗಿಲ ಬಾಯ್ದೆರೆದು ಮೇಯುತ್ತ ಸಾಗಬೇಕು. ಹಗ್ಗ ಸುತ್ತಿಕೊಂಡರೆ ಅದು ತಿಂಗಳುಗಟ್ಟಲೆ ನರಳಿ, ಸೊರಗಿ ಸಾಯುವುದುಂಟು. ಹಡಗುಗಳ ಡಿಕ್ಕಿಯೊಡನೆ ಈ ಹಗ್ಗವೇ ಇಂದು ಅದರ ಮುಖ್ಯ ಶತ್ರು. ನೂರಕ್ಕೆ 85ಕ್ಕೂ ಹೆಚ್ಚು ತಿಮಿಂಗಿಲಗಳು ಒಮ್ಮೆಯಾದರೂ ಹಗ್ಗಕ್ಕೆ ಸಿಲುಕಿವೆ. 2024ರ ಜನವರಿಯಲ್ಲಿ ಮಾರ್ಥಾಸ್ ವಿನ್ಯಾರ್ಡ್ ದ್ವೀಪದ ದಡ ಸೇರಿದ ಮೂರು ವರ್ಷದ ಹೆಣ್ಣು ತಿಮಿಂಗಿಲದ ಶವದ ಬಾಲದಲ್ಲಿ ಹಗ್ಗ ಆಳವಾಗಿ ಹೂತಿತ್ತು. ಹಗ್ಗದ ನೇರಳೆ ಗುರುತು ಅದು ಮೇನ್ ರಾಜ್ಯದ ಬೋನಿನದೆಂದು ತೋರಿಸಿತು.

ಎರಡು ಜೀವಿಗಳ ನಿಜವಾದ ಅಂತರವಿರುವುದು ಗಾತ್ರದಲ್ಲಲ್ಲ, ಸಂತಾನದಲ್ಲಿ. ಹೆಣ್ಣು ಲಾಬ್‌ಸ್ಟರ್ ಸಾವಿರಾರು ಮೊಟ್ಟೆಗಳನ್ನು ಬಾಲದಡಿಯಲ್ಲಿ ಹೊತ್ತು ಕಾಯುತ್ತದೆ. ತಿಮಿಂಗಿಲ ಸುಮಾರು ಒಂದು ವರ್ಷ ಬಸಿರು ಹೊತ್ತು ಈಯುವುದು ಒಂದೇ ಮರಿ. ಹಿಂದೆ ಮೂರು ವರ್ಷಕ್ಕೊಮ್ಮೆ ಈಯುತ್ತಿದ್ದ ತಾಯಿ ಈಗ ಆರರಿಂದ ಹತ್ತು ವರ್ಷ ತೆಗೆದುಕೊಳ್ಳುತ್ತದೆ. ಉಳಿದಿರುವ ತಿಮಿಂಗಿಲಗಳು ಸುಮಾರು 380. ಮರಿ ಹಾಕಬಲ್ಲ ಹೆಣ್ಣುಗಳು ಸುಮಾರು 70. ಮಿತವಾದ ಬೇಟೆಯನ್ನು ಲಾಬ್‌ಸ್ಟರ್ ಸಂಕುಲ ತಾಳಿಕೊಳ್ಳಬಲ್ಲದು. ತಿಮಿಂಗಿಲ ಸಂಕುಲವಾದರೋ ಮನುಷ್ಯನಿಂದಾಗುವ ವರ್ಷಕ್ಕೊಂದು ಸಾವನ್ನೂ ತಾಳಲಾರದು.

ಇಲ್ಲಿ ಬೆಸ್ತರನ್ನು ಖಳರೆನ್ನುವುದು ನ್ಯಾಯವಲ್ಲ. ಬಲೆಗೆ ಬಂದ ಮೊಟ್ಟೆಯೊಡತಿ ಲಾಬ್‌ಸ್ಟರಿನ ಬಾಲಕ್ಕೆ ಕಚ್ಚು ಹಾಕಿ, ಮುಂದೆ ಯಾರೂ ಹಿಡಿಯದಂತೆ ಮರಳಿ ಕಡಲಿಗೆ ಬಿಡುವ ಸಂಪ್ರದಾಯ ಅವರದೇ. ಸುಲಭವಾಗಿ ತುಂಡಾಗುವ ಹಗ್ಗ, ಧ್ವನಿಸಂಕೇತ ಕಳಿಸಿದೊಡನೆ ತಾನೇ ಮೇಲೇಳುವ ಬೋನು ಮುಂತಾದ ಉಪಾಯಗಳೂ ಇವೆ. ಆದರೆ ಅವುಗಳ ಬೆಲೆಯನ್ನು ಸಣ್ಣ ದೋಣಿಯವನೊಬ್ಬನೇ ಹೊರಲಾರ. 2022ರ ಡಿಸೆಂಬರಿನಲ್ಲಿ ಅಮೆರಿಕದ ಸಂಸತ್ತು ಹೊಸ ಕಟ್ಟುಪಾಡುಗಳನ್ನು 2028ರ ಕೊನೆಯವರೆಗೆ ಮುಂದೂಡಿತು. ಬೆಸ್ತನಿಗೆ ಕಾಲಾವಕಾಶ ಸಿಕ್ಕಿತು, ತಿಮಿಂಗಿಲಕ್ಕೆ ಸಿಗಲಿಲ್ಲ.

ಮಲೆನಾಡಿಗೆ ಈ ಕಥೆ ಹೊಸದಲ್ಲ. ಕಾಡುಹಂದಿಗೆಂದು ಬೇಲಿಯಂಚಿನಲ್ಲಿ ಒಡ್ಡಿದ ಉರುಲಿಗೆ ಚಿರತೆ ಸಿಲುಕುತ್ತದೆ. ಬೆಳೆ ಕಾಯುವುದು ರೈತನ ಹಕ್ಕು, ಅದಕ್ಕೆ ನೆರವಾಗುವುದು ಸಮಾಜದ ಹೊಣೆ. ಆದರೆ ಒಡ್ಡಿದವನ ಉದ್ದೇಶ ಉರುಲಿಗೆ ತಿಳಿಯದು. ಈ ಸಭೆಯಿಂದ ಮನೆಗೆ ಮರಳುವವರು ತಮ್ಮ ತೋಟದ ಬೇಲಿಯನ್ನೊಮ್ಮೆ ಸುತ್ತಿ ನೋಡಲಿ, ಉರುಲಿದ್ದರೆ ಬಿಚ್ಚಲಿ.